ಒಂದೇ ಪೀಸ್ ಕೊಡ್ತೀರಾ?

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಬೊರಿವಲಿಯ ನಮ್ಮ ಮನೆಯ ಗ್ರೈಂಡರ್ ಕಿರ್ರೆಂದು ಕೂಗಿ ನಿಂತುಬಿಟ್ಟಿತು. ಅದು ಬರೀ ನಮ್ಮ ಮನೆಯ ದೋಸೆಯ ಪ್ರಶ್ನೆಯಾಗಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಕಾರ್ಕಳದ ಕಡೆಯ ಊರು ಬಿಟ್ಟು ನನ್ನ ಜೊತೆ ಬಂದ ಅಮ್ಮ ನಾಲ್ಕು ವರ್ಷಗಳಿಂದ ಅಕ್ಕಪಕ್ಕದ ಮೂರು ಬಿಲ್ಡಿಂಗಿನವರಿಗೆ ಇಡ್ಲಿ, ದೋಸೆ ಹಿಟ್ಟು ರುಬ್ಬಿ ಕೊಡುತ್ತಾರೆ. ತನ್ನ ಔಷಧಿಗೆ ಮಗನ ಹತ್ತಿರ ಕೈಯೊಡ್ಡಬಾರದೆಂಬ ಹಠ ಅವರದು. ಎರಡು ದಿನ ಹಿಟ್ಟು ಕೊಡದಿದ್ದರೆ ಗಿರಾಕಿಗಳು ಡೇರಿಯ ಪ್ಯಾಕೆಟ್ ಹಿಟ್ಟಿಗೆ ಹೊರಳುತ್ತಾರೆ, ಹೊರಳಿದವರು ವಾಪಸು ಬರುವುದು ಕಷ್ಟ.

ಗ್ರೈಂಡರ್ ಕಂಪನಿಗೆ ಫೋನ್ ಮಾಡಿದೆ. ಬೇರಿಂಗ್ ಬಿಡಿಯಾಗಿ ಕೊಡುವುದಿಲ್ಲ, ಇಡೀ ಮೋಟರ್ ಬದಲಿಸಬೇಕು, ಹದಿನೈದು ದಿನ ಆಗುತ್ತದೆ ಎಂದರು. ರಾತ್ರಿ ಕಾರ್ಖಾನೆಗಳಿಗೆ ಸಾಮಾನು ಪೂರೈಸುವ ಒಂದು ದೊಡ್ಡ ಕಂಪನಿಯಲ್ಲಿ ಆನ್‌ಲೈನ್ ಆರ್ಡರ್ ಮಾಡಲು ಕೂತೆ. ಬೇಕಾದ ಬೇರಿಂಗ್ ಇತ್ತು, ಬೆಲೆಯೂ ಹೆಚ್ಚಿರಲಿಲ್ಲ. ಆದರೆ ಕನಿಷ್ಠ ಹತ್ತು ಪೀಸ್ ತೆಗೆದುಕೊಳ್ಳಬೇಕು, ಜಿಎಸ್‌ಟಿ ನಂಬರ್ ಕಡ್ಡಾಯ. ಮಹಾರಾಷ್ಟ್ರದಲ್ಲಿ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ನಂಬರ್ ಇಲ್ಲದವರಿಗೆ ಮಾರಬಾರದೆಂದು ಕಾನೂನಿನಲ್ಲೂ ಇಲ್ಲ, ಅದು ಕಂಪನಿ ತಾನೇ ಹಾಕಿಕೊಂಡ ಗೆರೆ. ಯಂತ್ರವಿದೆ, ಉತ್ಪಾದನೆಯಿದೆ, ಗಿರಾಕಿಗಳಿದ್ದಾರೆ. ಆದರೂ ಆ ಕಂಪನಿಯ ಲೆಕ್ಕದಲ್ಲಿ ನನ್ನ ಅಮ್ಮ ಉದ್ಯಮವಲ್ಲ.

ಬೆಳಿಗ್ಗೆ ದಹಿಸರ್‌ನಲ್ಲಿರುವ ಮಾವನಿಗೆ ಹೇಳಿದೆ. ಹುಡುಗನಾಗಿದ್ದಾಗ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ, ಕೊನೆಗೆ ಪರೇಲಿನ ಒಂದು ಬಟ್ಟೆ ಗಿರಣಿಯ ಮೆಂಟೆನೆನ್ಸ್ ಖಾತೆ ಸೇರಿದವರು ಅವರು. ಬಂದವರೇ ಮೋಟರ್ ಬಿಚ್ಚಿ, ಪುಲ್ಲರ್ ಹಾಕಿ ಬೇರಿಂಗ್ ಎಳೆದು, ಅದರ ಅಂಚನ್ನು ಬಟ್ಟೆಯಿಂದ ಒರೆಸಿ ನನ್ನ ಕೈಗಿಟ್ಟರು. 6204.

"ಹತ್ತು ಪೀಸ್ ಯಾರಿಗೆ ಬೇಕು ಮಾರಾಯ? ನಾಗದೇವಿಗೆ ಹೋಗುವ, ನಡಿ" ಅಂದರು.

ಬೊರಿವಲಿಯಿಂದ ದಾದರ್, ಅಲ್ಲಿ ಸೆಂಟ್ರಲ್ ಲೈನ್ ಹಿಡಿದು ಮಸ್ಜಿದ್ ಸ್ಟೇಷನ್. ರೈಲಿನಲ್ಲಿ ಮಾವ ಆ ನಂಬರನ್ನು ಓದುವುದು ಕಲಿಸಿದರು. 62 ಅಂದರೆ ಬೇರಿಂಗಿನ ಜಾತಿ. ಕೊನೆಯ 04ನ್ನು ಐದರಿಂದ ಗುಣಿಸಿದರೆ ಒಳಗಿನ ತೂತು, 20 ಮಿಲಿಮೀಟರ್. ಹೊರಗಿನ ಅಳತೆ 47, ದಪ್ಪ 14. ಯಾವ ದೇಶದ ಯಾವ ಕಂಪನಿ ಮಾಡಿದರೂ 6204ರ ಅಳತೆ ಇದೇ. ಮೊದಲು ಹೀಗಿರಲಿಲ್ಲ. ಇಂಗ್ಲೆಂಡಿನಲ್ಲಿ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಸ್ಕ್ರೂಗಳಿಗೆ ಒಂದೇ ಅಳತೆಯ ಮರೆ ಇರಲಿ ಎಂದು ಸೂಚಿಸುವವರೆಗೂ ಒಂದು ಕಾರ್ಖಾನೆಯ ನಟ್ಟು ಇನ್ನೊಂದರ ಬೋಲ್ಟಿಗೆ ಕೂರುತ್ತಿರಲಿಲ್ಲ. ಯಂತ್ರ ಕೆಟ್ಟರೆ ಮಾಡಿದವನ ಬಾಗಿಲಿಗೇ ಹೋಗಬೇಕಿತ್ತು. ಕಂಪನಿ ಬಿಡಿಭಾಗ ಕೊಡುವುದಿಲ್ಲ ಎಂದರೂ ನನ್ನಂಥವನು ಪೇಟೆಗೆ ಹೋಗಿ ಕೇಳಬಹುದಾದದ್ದು ಈ ನಂಬರಿನ ಕೃಪೆಯಿಂದ.

ಬೇರಿಂಗಿಗೂ ಬಟ್ಟೆ ಗಿರಣಿಗೂ ಹಳೆಯ ನಂಟು. ಸ್ವೀಡನ್ನಿನ ಗೋಥೆನ್‌ಬರ್ಗ್ ಊರಿನ ಒಂದು ಬಟ್ಟೆ ಗಿರಣಿಯಲ್ಲಿ ಸ್ವೆನ್ ವಿಂಗ್‌ಕ್ವಿಸ್ಟ್ ಎಂಬ ಇಂಜಿನಿಯರ್ ಇದ್ದ. ಅಲ್ಲಿನ ಜೇಡಿಮಣ್ಣಿನ ನೆಲ ಕುಸಿದು, ಯಂತ್ರಗಳನ್ನೆಲ್ಲ ತಿರುಗಿಸುವ ಉದ್ದನೆಯ ಶಾಫ್ಟ್ ಸೊಟ್ಟಗಾಗಿ, ಬೇರಿಂಗುಗಳು ಪದೇ ಪದೇ ಒಡೆಯುತ್ತಿದ್ದವು. ಶಾಫ್ಟ್ ಸ್ವಲ್ಪ ವಾಲಿದರೂ ತಾನೇ ಹೊಂದಿಕೊಳ್ಳುವ ಬೇರಿಂಗನ್ನು ಅವನು 1907ರಲ್ಲಿ ರೂಪಿಸಿದ. ಎಸ್‌ಕೆಎಫ್ ಕಂಪನಿ ಹುಟ್ಟಿದ್ದು ಹೀಗೆ.

ಮುಂಬಯಿಯ ಕಥೆಯೂ ಗಿರಣಿಯಿಂದಲೇ ಶುರುವಾಗುತ್ತದೆ. ಕಾವಸ್‌ಜಿ ನಾನಾಭಾಯಿ ದಾವರ್ 1854ರಲ್ಲಿ ಇಲ್ಲಿನ ಮೊದಲ ಹತ್ತಿ ಗಿರಣಿಯ ಕಂಪನಿ ಕಟ್ಟಿದರು. ಗಿರಣಿಗಳು ಹೆಚ್ಚಿದಂತೆ ಅವಕ್ಕೆ ಬೆಲ್ಟು, ಬೋಲ್ಟು, ಎಣ್ಣೆ, ವಾಲ್ವು ಒದಗಿಸುವ ವ್ಯಾಪಾರವೂ ಬೆಳೆಯಿತು. ಆ ವ್ಯಾಪಾರಕ್ಕೆ ಮಿಲ್ ಸ್ಟೋರ್ಸ್ ಎಂದೇ ಹೆಸರು. ಗಿರಣಿ ಎಂದರೆ ದೊಡ್ಡ ಆರ್ಡರ್, ತಿಂಗಳ ಉದ್ರಿ, ಗೊತ್ತಿರುವ ಪಾರ್ಟಿ. ಬಿಡಿ ಗಿರಾಕಿ ಎಂದರೆ ಒಂದು ಪೀಸ್, ಹತ್ತು ಪ್ರಶ್ನೆ. ಯಾರಿಗೆ ಮೊದಲ ಮರ್ಯಾದೆ ಎಂದು ಬೇರೆ ಹೇಳಬೇಕಿಲ್ಲ.

ಆದರೆ ನಮ್ಮ ಕಡೆಯ ಒಂದು ದೊಡ್ಡ ಉದ್ಯಮದ ಬೇರು ಇಂಥ ಬಿಡಿ ಖರೀದಿಯಲ್ಲೇ ಇದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನ ಲಕ್ಷ್ಮಣರಾವ್ ಕಿರ್ಲೋಸ್ಕರ್ ಮುಂಬಯಿಗೆ ಚಿತ್ರಕಲೆ ಕಲಿಯಲು ಬಂದವರು. ಮುಂದೆ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ, ಅಂದರೆ ನಾವೆಲ್ಲ ಮಾಟುಂಗಾದಲ್ಲಿ ನೋಡುವ ಇಂದಿನ ವಿಜೆಟಿಐಯಲ್ಲಿ, ಪಾಠ ಹೇಳಿದರು. ಮುಂಬಯಿಯಲ್ಲಿ ಸೈಕಲ್ ಕೊಂಡು ಬೆಳಗಾವಿಗೆ ಕಳಿಸುವುದು, ಅಲ್ಲಿ ಅಣ್ಣ ಅದನ್ನು ಮಾರುವುದು, ಇದು ಅವರ ಮೊದಲ ವ್ಯಾಪಾರ. 1888ರ ಆ ಸೈಕಲ್ ಅಂಗಡಿಯನ್ನೇ ಕಿರ್ಲೋಸ್ಕರ್ ಸಮೂಹ ತನ್ನ ಆರಂಭವೆಂದು ಎಣಿಸುತ್ತದೆ. ಆಮೇಲೆ ಕಬ್ಬಿಣದ ನೇಗಿಲು ಬಂತು, 1910ರಲ್ಲಿ ಕಿರ್ಲೋಸ್ಕರವಾಡಿ ಬಂತು, 1941ರಲ್ಲಿ ಹರಿಹರದಲ್ಲಿ ಲೇಥ್ ಮಾಡುವ ಮೈಸೂರು ಕಿರ್ಲೋಸ್ಕರ್ ಬಂತು. ಹತ್ತು ಸೈಕಲ್ಲಿಗೆ ಕಡಿಮೆ ಕೊಡುವುದಿಲ್ಲ ಎಂದು ಅಂದಿನ ಅಂಗಡಿಯವನು ಹೇಳಿದ್ದರೆ?

ಸ್ವಾತಂತ್ರ್ಯದ ನಂತರ ಬಾಗಿಲು ಇನ್ನೂ ಬಿಗಿಯಾಯಿತು. ಬೇರಿಂಗ್ ಮಾಡುವ ಕಾರ್ಖಾನೆಗಳೇ ಕಡಿಮೆ. ಜೈಪುರದ ನ್ಯಾಷನಲ್ ಬೇರಿಂಗ್ ಕಂಪನಿ 1946ರಲ್ಲಿ ಹುಟ್ಟಿತು, ಎಸ್‌ಕೆಎಫ್ ಸಹಯೋಗದ ಕಂಪನಿ 1961ರಲ್ಲಿ ಬಂದು ಆಮೇಲೆ ಪುಣೆಯ ಚಿಂಚವಾಡದಲ್ಲಿ ಉತ್ಪಾದನೆ ಶುರುಮಾಡಿತು. ಉಳಿದದ್ದು ಆಮದಾಗಬೇಕು, ಆಮದಿಗೆ ಲೈಸೆನ್ಸ್ ಬೇಕು. ಹಲವು ಲೈಸೆನ್ಸುಗಳು 'ಆ್ಯಕ್ಚುವಲ್ ಯೂಸರ್' ಹೆಸರಿನಲ್ಲಿ, ಅಂದರೆ ಮಾಲನ್ನು ಸ್ವತಃ ಬಳಸುವ ಕಾರ್ಖಾನೆಯ ಹೆಸರಿನಲ್ಲಿ ಸಿಗುತ್ತಿದ್ದವು. ತರಿಸಿದ ಮಾಲನ್ನು ಬೇರೆಯವರಿಗೆ ಮಾರುವಂತಿರಲಿಲ್ಲ. ಹಿಟ್ಟು ರುಬ್ಬುವ ಹೆಂಗಸು ಎಷ್ಟೇ ಬಳಸಿದರೂ ಆ ಅರ್ಥದಲ್ಲಿ ಬಳಕೆದಾರಳಲ್ಲ.

"ನಮ್ಮ ಗಿರಣಿ ಗೋದಾಮಿನಲ್ಲಿ ಬೇರಿಂಗ್ ಪೆಟ್ಟಿಗೆ ಪೆಟ್ಟಿಗೆ ಇತ್ತು. ಮಾಟುಂಗಾದ ನಮ್ಮ ಹೋಟೆಲಿನ ಗ್ರೈಂಡರಿಗೆ ಒಂದು ಸಿಗ್ತಿರಲಿಲ್ಲ" ಎಂದು ಮಾವ ನಕ್ಕರು. ಮತ್ತೆ ಸುಮ್ಮನಾದರು. 1982ರ ಜನವರಿ 18ರಂದು ದತ್ತಾ ಸಾಮಂತ್ ಮುಂದಾಳತ್ವದ ಮುಷ್ಕರ ಶುರುವಾದಾಗ ಹೊರಬಂದ ಸುಮಾರು ಎರಡೂವರೆ ಲಕ್ಷ ಕಾರ್ಮಿಕರಲ್ಲಿ ಅವರೂ ಒಬ್ಬರು. ಅವರ ಗಿರಣಿ ಮತ್ತೆ ತೆರೆಯಲಿಲ್ಲ. ಮಾವ ದಹಿಸರ್‌ನಲ್ಲಿ ಮೋಟರ್ ರಿಪೇರಿಯ ಸಣ್ಣ ಗಾಳೆ ಹಾಕಿ ಮೂರು ಮಕ್ಕಳನ್ನು ಓದಿಸಿದರು. "ನಿನ್ನೆವರೆಗೆ ಗಿರಣಿಯ ಹೆಸರು ಹೇಳಿದರೆ ಮಾಲು ಸಿಗ್ತಿತ್ತು. ಮರುದಿನದಿಂದ ನಾನೂ ಒಂದು ಪೀಸಿನ ಗಿರಾಕಿ" ಅಂದರು.

ನಾಗದೇವಿ ಬೀದಿಗೆ ಬಂದಾಗ ಹನ್ನೊಂದು ಗಂಟೆ. ಕೈಗಾಡಿಗಳು, ತಲೆಹೊರೆಯವರು, ಎರಡೂ ಕಡೆ ಮೈಗೆ ಮೈ ತಾಗಿದ ಅಂಗಡಿಗಳು. ಇಲ್ಲಿನ ಹಾರ್ಡ್‌ವೇರ್ ವ್ಯಾಪಾರದಲ್ಲಿ ಬೊಹ್ರಾ ಮನೆತನಗಳದು ದೊಡ್ಡ ಪಾಲು. ಹೊರಗೆ ಕಾರ್ಖಾನೆಗಳಿಗೆ ಹೋಗುವ ಪೆಟ್ಟಿಗೆಗಳ ರಾಶಿಯಿದ್ದ ಒಂದು ಅಂಗಡಿಯ ಮುಂದೆ ನಾನು ಹಿಂಜರಿದೆ. ಮಾವ ನನ್ನ ಬೆನ್ನು ದೂಡಿದರು.

"ಒಂದೇ ಪೀಸ್ ಕೊಡ್ತೀರಾ?" ಎಂದು ನನ್ನ ಹರಕು ಹಿಂದಿಯಲ್ಲಿ ಕೇಳಿದೆ.

ಬಿಳಿ ಟೋಪಿಯ ಹಿರಿಯರು ಹಳೆಯ ಬೇರಿಂಗನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸಿದರು. ಯಾವುದಕ್ಕೆ, ನೀರು ತಾಗುತ್ತದೆಯೇ ಎಂದು ಕೇಳಿದರು. ಗ್ರೈಂಡರ್ ಎಂದೆ. ಹಾಗಾದರೆ ತಗಡಿನ ಮುಚ್ಚಳದ ಝಡ್‌ಝಡ್ ಬೇಡ, ರಬ್ಬರ್ ಸೀಲಿನ ಟೂ ಆರ್‌ಎಸ್ ತಗೊಳ್ಳಿ, ನೀರು ಒಳಗೆ ಹೋಗಿಯೇ ಇದು ಸತ್ತಿದೆ ಅಂದರು. ದೊಡ್ಡ ಬ್ರಾಂಡಿನ ಹೆಸರಿನಲ್ಲಿ ನಕಲಿ ಮಾಲೂ ಪೇಟೆಯಲ್ಲಿ ಓಡಾಡುತ್ತದೆ, ತೀರಾ ಅಗ್ಗಕ್ಕೆ ಸಿಕ್ಕರೆ ಮುಟ್ಟಬೇಡಿ ಎಂದೂ ಎಚ್ಚರಿಸಿದರು. ಹತ್ತು ಪೀಸ್ ಕೇಳುವ ಕಂಪನಿಯಲ್ಲಿ ನಾನು ಝಡ್‌ಝಡ್ ಅನ್ನೇ ಆರಿಸಿದ್ದೆ. ಅಲ್ಲಿ ಯಾರೂ ನನ್ನನ್ನು ನೀರಿನ ಬಗ್ಗೆ ಕೇಳಿರಲಿಲ್ಲ.

ದೊಡ್ಡ ಕಂಪನಿಗಳನ್ನು ಬೈಯುವುದು ಸುಲಭ. ಒಂದು ಪೀಸ್ ಕಟ್ಟಿ ಕಳಿಸುವ ಖರ್ಚು ಆ ಪೀಸಿಗಿಂತ ಹೆಚ್ಚಾಗಬಹುದು, ಅದೂ ನಿಜ. ಆದರೆ ಚಿಕಾಗೋದಲ್ಲಿ 1901ರಲ್ಲಿ ಶುರುವಾದ ಮ್ಯಾಕ್‌ಮಾಸ್ಟರ್-ಕಾರ್ ಕಾರ್ಖಾನೆಗಳ ಕಂಪನಿಯಾಗಿದ್ದೂ ಅಮೆರಿಕದಲ್ಲಿ ಬಿಡಿ ಗಿರಾಕಿಗೆ ಒಂದು ಪೊಟ್ಟಣ ಸ್ಕ್ರೂ ಕಳಿಸುತ್ತದೆ. ಅಂದರೆ ಮನಸ್ಸು ಮಾಡಿದರೆ ಆಗದ್ದೇನಲ್ಲ. ನಮ್ಮಲ್ಲಿ ಆ ಕೆಲಸವನ್ನು ನಾಗದೇವಿ, ಬೆಂಗಳೂರಿನ ಎಸ್.ಪಿ. ರೋಡ್‌ನಂಥ ಬೀದಿಗಳು ಹೆಸರಿಲ್ಲದೆ ಮಾಡುತ್ತ ಬಂದಿವೆ. ಗಿರಣಿ ಮುಚ್ಚಿದಾಗ ಮಾವನಂಥವರು ಮತ್ತೆ ಎದ್ದು ನಿಂತದ್ದು ಈ ಕೌಂಟರುಗಳ ಎದುರು.

ಹಿರಿಯರು ಬಿಲ್ಲು ಬರೆದರು. ಗಿರಾಕಿಯ ಹೆಸರಿನ ಜಾಗದಲ್ಲಿ 'ಕ್ಯಾಶ್' ಎಂದಿತ್ತು. ಬಿಡಿ ಗಿರಾಕಿಗೆ ಈ ಪೇಟೆಯಲ್ಲಿ ಇರುವ ಹೆಸರು ಅದೊಂದೇ.

ಸಂಜೆ ಮಾವ ಬೇರಿಂಗ್ ಕೂರಿಸಿದರು. ಅಮ್ಮ ನೆನೆಸಿಟ್ಟ ಉದ್ದು ಹಾಕಿ ಸ್ವಿಚ್ ಒತ್ತಿದರು. ಸದ್ದು ತಣ್ಣಗಿತ್ತು. ಮರುದಿನ ಬೆಳಿಗ್ಗೆ ಗಿರಾಕಿಗಳಿಗೆಲ್ಲ ಹಿಟ್ಟು ಹೋಯಿತು. ಹೊರಡುವ ಮುಂಚೆ ಮಾವ ಮಾರ್ಕರ್ ಕೇಳಿ, ಗ್ರೈಂಡರಿನ ಅಡಿಯಲ್ಲಿ ದೊಡ್ಡದಾಗಿ ಬರೆದರು: 6204, ರಬ್ಬರ್ ಸೀಲ್.

"ನಾನು ಇಲ್ಲದಾಗ ಬೇಕಾಗ್ತದೆ" ಅಂದರು.