ಪ್ರಶ್ನೋತ್ತರವೂ ಕಥೆಯೂ: ಎಡೆದೊರೆ ನಾಡಿನಲ್ಲಿ ಮಕ್ಕಳ ಧರ್ಮಪುಸ್ತಕ

ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ದೇವಾಲಯವು 1557ರಷ್ಟು ಹಿಂದಿನದೆಂಬುದು ಪರಂಪರಾಗತ ನಂಬಿಕೆ. ಅದೇ ವರ್ಷ ಗೋವೆಯ ಸಂತ ಪೌಲರ ವಿದ್ಯಾಲಯದ ಮುದ್ರಣಾಲಯವು ಸಂತ ಫ್ರಾನ್ಸಿಸ್ ಝೇವಿಯರರ ಧರ್ಮೋಪದೇಶದ ಕಿರುಹೊತ್ತಿಗೆಯನ್ನು ಅಚ್ಚುಹಾಕಿತು. ಇವೆರಡಕ್ಕೂ ನೇರ ಸಂಬಂಧವಿತ್ತೆಂದು ನಾವು ವಾದಿಸುವುದಿಲ್ಲ. ಆದರೆ ಕೃಷ್ಣಾ ತುಂಗಭದ್ರೆಯರ ನಡುವಣ ಈ ನಾಡಿನಲ್ಲಿ ಕ್ರೈಸ್ತ ವಿಶ್ವಾಸವು ಎಷ್ಟು ಹಳೆಯದೋ, ಮಕ್ಕಳ ಕೈಗೆ ಯಾವ ಪುಸ್ತಕವನ್ನು ಕೊಡಬೇಕೆಂಬ ಪ್ರಶ್ನೆಯೂ ಭಾರತದ ಧರ್ಮಸಭೆಯಲ್ಲಿ ಅಷ್ಟೇ ಹಳೆಯದು.

1542ರಲ್ಲಿ ಗೋವೆಗೆ ಬಂದಿಳಿದ ಝೇವಿಯರರು ಬೀದಿಬೀದಿಯಲ್ಲಿ ಗಂಟೆ ಬಾರಿಸುತ್ತ ಮಕ್ಕಳನ್ನು ಕರೆದು, ಪ್ರಾರ್ಥನೆಗಳನ್ನು ಹಾಡಿಸಿ ಕಲಿಸಿದರು. 1544ರ ಜನವರಿಯಲ್ಲಿ ಅವರು ಬರೆದ ಪತ್ರವು ತಮಿಳು ಕರಾವಳಿಯ ಮಕ್ಕಳು ತಾವು ಕಲಿತದ್ದನ್ನು ತಂದೆತಾಯಿಗಳಿಗೂ ನೆರೆಹೊರೆಯವರಿಗೂ ಕಲಿಸುತ್ತಿದ್ದುದನ್ನು ತಿಳಿಸುತ್ತದೆ. ಭಾನುವಾರಗಳಲ್ಲೂ ಹಬ್ಬಗಳಲ್ಲೂ ಮಕ್ಕಳಿಗೆ ವಿಶ್ವಾಸದ ಮೂಲಪಾಠಗಳನ್ನು ಕಲಿಸಬೇಕೆಂದು ಟ್ರೆಂಟ್ ಮಹಾಸಭೆ ವಿಧಿಸಿದ್ದು ಇದಾದ ಮೇಲೆ, 1563ರಲ್ಲಿ.

ಕಂಠಪಾಠದ ಈ ಕ್ರಮ ಸಾಲದೆಂಬ ಮಾತು ಬಂದದ್ದು ಗುರುಗಳಿಂದಲ್ಲ, ಕೇಳುಗರಿಂದ. 1579ರಲ್ಲಿ ಗೋವೆಗೆ ಬಂದ ಯೇಸುಸಭೆಯ ತೋಮಸ್ ಸ್ಟೀಫನ್ಸರು ತಮ್ಮ ಮರಾಠಿ ‘ಕ್ರಿಸ್ತಪುರಾಣ’ದ (1616) ಆರಂಭದಲ್ಲಿ ಒಂದು ಪ್ರಸಂಗವನ್ನು ಹೇಳುತ್ತಾರೆ. ಸಾಷ್ಟಿಯ ದೇವಾಲಯದಲ್ಲಿ ಮಕ್ಕಳಿಗೆ ಧರ್ಮೋಪದೇಶ ನಡೆಯುತ್ತಿದ್ದಾಗ ಒಬ್ಬಾತ ಬಂದು, ಈ ಉಪದೇಶವು ಒಳ್ಳೆಯದೇ, ಆದರೆ ನಮ್ಮ ಹಿಂದಿನ ಪುರಾಣಗಳನ್ನು ಬಿಡಿಸಿದ ಮೇಲೆ ಅವುಗಳ ಸ್ಥಾನದಲ್ಲಿ ಓದಲು ಬೇರೇನನ್ನು ಕೊಟ್ಟಿರಿ ಎಂದು ಕೇಳುತ್ತಾನೆ. ಸುಮಾರು ಹನ್ನೊಂದು ಸಾವಿರ ಓವಿಗಳ ಆ ಕಾವ್ಯವು ಈ ಪ್ರಶ್ನೆಗೆ ಸ್ಟೀಫನ್ಸರು ಕೊಟ್ಟ ಉತ್ತರ. ಅವರು ಪ್ರಶ್ನೋತ್ತರವನ್ನೇನೂ ಕೈಬಿಡಲಿಲ್ಲ. ಅವರ ಕೊಂಕಣಿ ಧರ್ಮೋಪದೇಶವು ಅವರು ತೀರಿಕೊಂಡ ಬಳಿಕ 1622ರಲ್ಲಿ ಅಚ್ಚಾಯಿತು. ಒಬ್ಬನೇ ಗುರು, ಎರಡು ಬಗೆಯ ಪುಸ್ತಕ. ‘ಕ್ರಿಸ್ತಪುರಾಣ’ವು 1907ರಲ್ಲಿ ನಮ್ಮ ಮಂಗಳೂರಿನಲ್ಲೇ ಮರುಮುದ್ರಣವಾಯಿತೆಂಬುದನ್ನು ಗುರುಮಠದ ವಿದ್ಯಾರ್ಥಿಗಳು ಎಷ್ಟು ಮಂದಿ ಬಲ್ಲರೋ!

ಕನ್ನಡದಲ್ಲಿ ಈ ಕೆಲಸವನ್ನು ಹದಿನೇಳನೆಯ ಶತಮಾನದ ಮೈಸೂರು ಮಿಷನ್ನಿನ ಲಿಯೊನಾರ್ಡೊ ಚಿನ್ನಮಿಯವರು ಆರಂಭಿಸಿದರು. ಆದರೆ ಅಚ್ಚಿನ ಪುಸ್ತಕವನ್ನು ಕನ್ನಡದ ಮಕ್ಕಳ ಕೈಗಿತ್ತವರಲ್ಲಿ ಮುಖ್ಯರು ಪ್ರೊಟೆಸ್ಟೆಂಟ್ ಸಹೋದರರು. ನಮ್ಮ ಧರ್ಮೋಪದೇಶದ ಚರಿತ್ರೆಗಳು ಇದನ್ನು ಒಂದೆರಡು ವಾಕ್ಯಗಳಲ್ಲಿ ದಾಟಿಬಿಡುವುದು ನ್ಯಾಯವಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ನೆಲೆಸಿದ ಬಳ್ಳಾರಿಯು ಸಿಂಧನೂರಿಗೆ ದೂರವೇನಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಶಾಲೆಗಳನ್ನೂ ಮುದ್ರಣಾಲಯವನ್ನೂ ಜೊತೆಯಾಗಿಯೇ ಬೆಳೆಸಿತು. ಫರ್ಡಿನಂಡ್ ಕಿಟ್ಟೆಲ್ಲರು 1862ರಲ್ಲಿ ‘ಕಥಾಮಾಲೆ’ಯನ್ನು ಹೊರತಂದು ಯೇಸುಸ್ವಾಮಿಯ ಚರಿತೆಯನ್ನು ಈ ನೆಲದ ಛಂದಸ್ಸಿನಲ್ಲಿ ಹಾಡಿದರು. ಅತ್ತ ಜರ್ಮನಿಯ ಕಾಲ್ವ್ ಊರಿನಲ್ಲಿ ಕ್ರಿಸ್ತಿಯಾನ್ ಗೊಟ್ಲೋಬ್ ಬಾರ್ತ್ ಎಂಬ ಪಾದ್ರಿ 1832ರಲ್ಲಿ ಹಳೆಯ ಒಡಂಬಡಿಕೆಯಿಂದ ಐವತ್ತೆರಡು, ಹೊಸದರಿಂದ ಐವತ್ತೆರಡು ಕಥೆಗಳನ್ನು ಆಯ್ದು, ಶಾಲೆ ಮತ್ತು ಮನೆಗಳಿಗೆಂದು ಪುಸ್ತಕ ಮಾಡಿದ್ದರು. ವಾರಕ್ಕೆ ಎರಡು ಕಥೆಯಾದರೆ ವರ್ಷ ಮುಗಿಯುತ್ತದೆ. ಅದು ಲೋಕದ ಹತ್ತಾರು ಭಾಷೆಗಳಿಗೆ ಹೋಯಿತು.

ನಮ್ಮ ಸಭೆಯಲ್ಲಿ 1910ರಲ್ಲಿ ಹತ್ತನೆಯ ಭಕ್ತಿನಾಥರು ಮೊದಲ ಪರಮಪ್ರಸಾದದ ವಯಸ್ಸನ್ನು ಏಳರ ಆಸುಪಾಸಿಗೆ ಇಳಿಸಿದಾಗ, ಅಷ್ಟು ಎಳೆಯರಿಗೆ ತಕ್ಕ ಪುಸ್ತಕದ ಅಗತ್ಯ ಹೆಚ್ಚಿತು. 1979ರ ‘ಕತೆಕೇಸಿ ತ್ರಾದೆಂದೆ’ ಪ್ರೇರಣಾಪತ್ರವು ಕಂಠಪಾಠವನ್ನು ತಳ್ಳಿಹಾಕಲಿಲ್ಲ. ಬಾಯಲ್ಲಿ ನಿಂತದ್ದು ಬದುಕಿಗೂ ಇಳಿಯಬೇಕೆಂದಿತು.

ಇಷ್ಟನ್ನೂ ತರಗತಿಯಲ್ಲಿ ಪಾಠ ಹೇಳುವ ನಾವು, ಈ ನಾಡಿನ ಧರ್ಮಕೇಂದ್ರಗಳಿಗೆ ಹೋದಾಗ ಕಂಡದ್ದೇ ಬೇರೆ. ಸಿಂಧನೂರಿನ ಕಾಲುವೆಯ ಸೀಮೆಯಲ್ಲಿ ತೆಲುಗು ಮಾತಾಡುವ ಕ್ಯಾಂಪುಗಳಿವೆ. ಲಿಂಗಸುಗೂರಿನ ಕಡೆ ಲಂಬಾಣಿ ತಾಂಡಾಗಳಿವೆ. ಮಸ್ಕಿಯ ಸುತ್ತ ಅಚ್ಚ ರಾಯಚೂರು ಕನ್ನಡ. ಪುಸ್ತಕದ ಕನ್ನಡವೋ ಕರಾವಳಿಯದು ಇಲ್ಲವೆ ಬೆಂಗಳೂರಿನದು. ತಂದೆತಾಯಿ ದುಡಿಮೆಗೆಂದು ಗುಳೆ ಹೋದ ಮನೆಗಳಲ್ಲಿ ಓದಬಲ್ಲವರೆಂದರೆ ಐದನೆಯ ಇಯತ್ತೆಯ ಹುಡುಗಿಯೊಬ್ಬಳೇ. ಆಕೆ ಓದುತ್ತಾಳೆ, ಅಜ್ಜಿ ಕೇಳುತ್ತಾಳೆ. 1544ರ ಆ ಪತ್ರದಲ್ಲಿ ಕಂಡ ದೃಶ್ಯವೇ ಇದು. ಬದಲಾದದ್ದೆಂದರೆ ಮಗುವಿನ ಬಾಯಲ್ಲಿದ್ದದ್ದು ಈಗ ಕೈಯಲ್ಲೂ ಇದೆ.

ಹಲವು ವರ್ಷಗಳ ಹಿಂದೆ ಮಸ್ಕಿಯ ಬಳಿಯ ಹಳ್ಳಿಯೊಂದರಲ್ಲಿ ಬಿತ್ತುವವನ ಸಾಮತಿಯನ್ನು ಚಿತ್ರಪುಸ್ತಕದಿಂದ ಓದಿಸಿದೆವು. ಹೆಗಲಿಗೆ ಚೀಲ ತೂಗುಹಾಕಿ ಕೈಬೀಸಿ ಬೀಜ ಚೆಲ್ಲುವ ಬಿಳಿಯ ರೈತನ ಚಿತ್ರ. ಪಾಠವನ್ನೂ ಅರ್ಥವನ್ನೂ ತಪ್ಪಿಲ್ಲದೆ ಒಪ್ಪಿಸಿದವರಿಗೆ ಬಹುಮಾನ ಕೊಟ್ಟೆವು. ಒಪ್ಪಿಸಲಾಗದ ಒಬ್ಬ ಹುಡುಗ ಎದ್ದುನಿಂತು, “ಫಾದರ್, ಕೂರಿಗಿಯಿಂದ ಬಿತ್ತಿದ್ರ ಬೀಜ ದಾರ್ಯಾಗ ಹೆಂಗ ಬೀಳ್ತಾವ್ರಿ?” ಎಂದ. ಸಿಂಧನೂರಿನ ಮಗುವಾಗಿದ್ದರೆ ಭತ್ತದ ನಾಟಿಯನ್ನು ನೆನೆದು ಮತ್ತೊಂದನ್ನು ಕೇಳುತ್ತಿತ್ತೇನೋ. ಪ್ಯಾಲೆಸ್ತೀನಿನಲ್ಲಿ ಬಿತ್ತನೆಯ ಬಳಿಕವೇ ಉಳುತ್ತಿದ್ದರೆಂಬ ಯೋವಾಕಿಮ್ ಯೆರೆಮಿಯಾಸರ ವಾದವನ್ನು ನಾವು ಗುರುಮಠದಲ್ಲಿ ಓದಿದ್ದೆವು, ಪರೀಕ್ಷೆಯಲ್ಲೂ ಬರೆದಿದ್ದೆವು. ಆ ಹೊತ್ತಿಗೆ ಅದು ನಾಲಿಗೆಗೆ ಬರಲಿಲ್ಲ. “ಕಥೆ ಹಾಗೆಯೇ ಇದೆ, ಕುಳಿತುಕೊ” ಎಂದುಬಿಟ್ಟೆವು.

ಒಂದು ಕಾಳೂ ವ್ಯರ್ಥವಾಗದಂತೆ ಸಾಲುಹಿಡಿದು ಬಿತ್ತುವ ಮನೆಯ ಹುಡುಗನಿಗೆ ಮಾತ್ರ ಆ ಬಿತ್ತುವವನು ವಿಚಿತ್ರವಾಗಿ ಕಂಡಿದ್ದ. ದಾರಿಯನ್ನೂ ಬಂಡೆಯನ್ನೂ ಲೆಕ್ಕಿಸದೆ ಚೆಲ್ಲುವವನು ಎಂಥವನು ಎಂಬುದೇ ಸಾಮತಿಯ ಬಾಗಿಲು. ಪಾಠ ಒಪ್ಪಿಸಿದ ಮಕ್ಕಳು ಆ ಬಾಗಿಲನ್ನು ಮುಟ್ಟಿರಲಿಲ್ಲ, ಕಲಿಸಿದ ನಾವೂ ಮುಟ್ಟಿರಲಿಲ್ಲ. ಪ್ರಶ್ನೋತ್ತರದ ಪುಸ್ತಕದಲ್ಲಿ ಪ್ರಶ್ನೆಯೂ ಅಚ್ಚಾಗಿಯೇ ಬಂದಿರುತ್ತದೆ; ಕಥೆಯ ಪುಸ್ತಕದಲ್ಲಿ ಅದನ್ನು ಮಗುವೇ ಹುಡುಕಿಕೊಳ್ಳಬೇಕು. ಸಾಷ್ಟಿಯಲ್ಲಿ ಎದ್ದುನಿಂತವನಿಗೆ ಸ್ಟೀಫನ್ಸರು ಕುಳಿತುಕೊ ಎನ್ನಲಿಲ್ಲ.

ವಾರದ ಬಳಿಕ ಪುಸ್ತಕಗಳನ್ನು ಮರಳಿ ಪಡೆದಾಗ ಆ ಹುಡುಗನ ಪ್ರತಿಯಲ್ಲಿ ಬಿಳಿಯ ರೈತನ ಪಕ್ಕ ಪೆನ್ಸಿಲಿನಲ್ಲಿ ಎರಡು ಎತ್ತು, ಒಂದು ಕೂರಿಗೆ ಬರೆದಿತ್ತು. ಪುಸ್ತಕ ಕೆಡಿಸಿದ್ದಕ್ಕೆ ಅಂದು ಗದರಿದೆವು. ಆ ಪ್ರತಿಯು ಇಂದಿಗೂ ನಮ್ಮ ಬಳಿಯಿದೆ. ಹೊಸ ತರಗತಿಗೆ ಧರ್ಮೋಪದೇಶದ ಚರಿತ್ರೆಯನ್ನು ಆರಂಭಿಸುವ ದಿನ ಆ ಪುಟವನ್ನೇ ಮೊದಲು ತೆರೆಯುತ್ತೇವೆ.