ಹಕ್ಕಿಗೂಡು ಅಣಬೆ
ಕೊಳೆಯುವ ಕಟ್ಟಿಗೆ, ಕಡ್ಡಿಕಸ, ಸಗಣಿಯ ಮೇಲೆ ಬೆಳೆಯುವ, ಮೊಟ್ಟೆಯಿಟ್ಟ ಗೂಡನ್ನು ಹೋಲುವ ಕಿರು ಶಿಲೀಂಧ್ರ. ಬೆಸಿಡಿಯೋಮೈಕೋಟ ವಿಭಾಗದ ಅಗ್ಯಾರಿಕೇಲ್ಸ್ ಗಣಕ್ಕೆ ಸೇರಿದೆ. ಸಯಾಥಸ್, ಕ್ರುಸಿಬ್ಯುಲಮ್, ನಿಡುಲೇರಿಯ ಮುಖ್ಯ ಜಾತಿಗಳು. ಸಸ್ಯವಿಜ್ಞಾನಿ ಕ್ಲೂಸಿಯಸ್ 1601ರಲ್ಲಿ ಇದನ್ನು ಉಲ್ಲೇಖಿಸಿದ. ಭಾರತದಲ್ಲೂ ಕಂಡುಬರುತ್ತದೆ, ಹಿಂಗಾರು ಮಳೆಯ ಚೆನ್ನೈ ಸುತ್ತಿನಂಥ ಕಡೆ ಅಕ್ಟೋಬರ್–ಡಿಸೆಂಬರ್ ಇದಕ್ಕೆ ಅನುಕೂಲ ಕಾಲ.

ಗೂಡಿನಂತೆ ಕಾಣುವ ಬಟ್ಟಲಿನ ಅಗಲ ಸಾಮಾನ್ಯವಾಗಿ 1 ಸೆಂ.ಮೀ.ಗೂ ಕಡಿಮೆ. ಎಳೆಯ ಬಟ್ಟಲಿನ ಬಾಯಿಯನ್ನು ಮುಚ್ಚಿದ ಪೊರೆ ಹರಿದಾಗ ಬೀಜಕಗಳು ತುಂಬಿದ, ಮೊಟ್ಟೆಯಂಥ ಬಿಲ್ಲೆಗಳು ಕಾಣುತ್ತವೆ. ಗುರುತಿಸಲು ಗೋಡೆ, ಬಿಲ್ಲೆಗಳೇ ಆಧಾರ: ಸಯಾಥಸ್‌ಗೆ ಮೂರು ಪದರದ ಗೋಡೆ, ಬೂದು ಅಥವಾ ಕಪ್ಪು ಬಿಲ್ಲೆ, ಕ್ರುಸಿಬ್ಯುಲಮ್‌ಗೆ ಒಂದೇ ಪದರ, ಬಿಳಿಚಿದ ಬಿಲ್ಲೆ, ನಿಡುಲೇರಿಯದ ಬಿಲ್ಲೆಗೆ ಬಟ್ಟಲಿಗೆ ಅಂಟಿಸುವ ದಾರವಿಲ್ಲ. ಬಟ್ಟಲಿಗೆ ಬಿದ್ದ ಮಳೆಹನಿ ಬಿಲ್ಲೆಯನ್ನು ಸುಮಾರು 1 ಮೀ. ದೂರ ಸಿಡಿಸಬಲ್ಲದು. ಒಣಮರವನ್ನು ಕೊಳೆಸಿ ಪೋಷಕಾಂಶಗಳನ್ನು ಮಣ್ಣಿಗೆ ಮರಳಿಸುವುದು ಇದರ ಪರಿಸರ ಮಹತ್ವ.