ಎದುರುಗಾಳಿಯ ಉಪಕಾರ

ಸೈಕಲ್ ತುಳಿದು ಶಾಲೆಗೆ ಹೋಗುತ್ತಿದ್ದ ದಿನಗಳಲ್ಲಿ ಬೆನ್ನಿಗೆ ಬೀಸುವ ಗಾಳಿ ನನಗೆ ಗೆಳೆಯ, ಎದೆಗೆ ಬೀಸುವುದು ವೈರಿ. ವಿಮಾನದ ಚರಿತ್ರೆ ಓದತೊಡಗಿದ ಮೇಲೆ ಈ ನಂಬಿಕೆ ತಲೆಕೆಳಗಾಯಿತು.

1903ರ ಡಿಸೆಂಬರ್ 17ರಂದು ಅಮೆರಿಕದ ಕಿಟ್ಟಿ ಹಾಕ್ ಬಳಿಯ ಮರಳುಬಯಲಿನಲ್ಲಿ ತೆಗೆದ ಛಾಯಾಚಿತ್ರವನ್ನು ನೀವೂ ನೋಡಿರುತ್ತೀರಿ. ಆರ್ವಿಲ್ ರೈಟ್ ವಿಮಾನದ ಮೇಲೆ ಬೋರಲು ಮಲಗಿದ್ದಾನೆ, ಅಣ್ಣ ವಿಲ್ಬರ್ ಬದಿಯಲ್ಲಿದ್ದಾನೆ. ಚಿತ್ರದಲ್ಲಿ ಕಾಣದಿರುವುದು ಗಾಳಿ. ಅದು ಎದುರಿನಿಂದ ಗಂಟೆಗೆ ಸುಮಾರು 43 ಕಿ.ಮೀ. ವೇಗದಲ್ಲಿ ಬೀಸುತ್ತಿತ್ತು. ನೆಲದ ಲೆಕ್ಕದಲ್ಲಿ ವಿಮಾನದ ವೇಗ ಬರೀ 11 ಕಿ.ಮೀ.; ವಿಲ್ಬರ್ ರೆಕ್ಕೆ ಹಿಡಿದು ಜೊತೆಗೆ ಓಡಿದ್ದ! ಆದರೆ ರೆಕ್ಕೆ ನೆಲವನ್ನು ಕೇಳುವುದಿಲ್ಲ, ತನ್ನ ಮೇಲೆ ಹರಿಯುವ ಗಾಳಿಯನ್ನು ಕೇಳುತ್ತದೆ. ಅದು 54 ಕಿ.ಮೀ. ಇತ್ತು. ವಿಮಾನ 12 ಸೆಕೆಂಡು ಹಾರಿ 120 ಅಡಿ ಸಾಗಿತು.

ಅದೇ ಗಾಳಿ ಹಿಂದಿನಿಂದ ಬೀಸಿದ್ದರೆ? ರೆಕ್ಕೆಗೆ ಆ 54 ಸಿಗಲು ವಿಮಾನ ನೆಲದ ಮೇಲೆ 97 ಕಿ.ಮೀ. ವೇಗ ಮುಟ್ಟಬೇಕಿತ್ತು. ಅವರು ಹಾಸಿದ್ದ ಹಳಿಯ ಉದ್ದವೋ 60 ಅಡಿ.

ಮರುವರ್ಷ ಸೋದರರು ತಮ್ಮೂರು ಡೇಟನ್ ಸಮೀಪದ ಹಫ್‌ಮನ್ ಪ್ರೇರಿ ಎಂಬ ಹುಲ್ಲುಗಾವಲಿಗೆ ಬಂದಾಗ ಈ ಸತ್ಯ ಕಾಡಿತು. ಅಲ್ಲಿನ ಗಾಳಿ ದುರ್ಬಲ, ಮೇಲಾಗಿ ಚಂಚಲ. ಹಳಿಯನ್ನು ಉದ್ದ ಮಾಡಿದರು. ಗಾಳಿ ದಿಕ್ಕು ಬದಲಿಸಿದರೆ ಅಷ್ಟನ್ನೂ ಕಿತ್ತು ಬೇರೆ ಕಡೆಗೆ ಹಾಸಬೇಕು. ಕೊನೆಗೆ 1904ರ ಸೆಪ್ಟೆಂಬರ್‌ನಲ್ಲಿ ಮರದ ಗೋಪುರ ಕಟ್ಟಿ, ಮೇಲಿಂದ ಭಾರ ಬೀಳಿಸಿ, ಅದಕ್ಕೆ ಕಟ್ಟಿದ ಹಗ್ಗದಿಂದ ವಿಮಾನವನ್ನು ಮುಂದಕ್ಕೆಳೆಯುವ ಉಪಾಯ ಹೂಡಿದರು. ಎದುರುಗಾಳಿ ಪುಕ್ಕಟೆಯಾಗಿ ಕೊಡುತ್ತಿದ್ದುದನ್ನು ಹೀಗೆ ದುಡಿದು ಪಡೆಯಬೇಕಾಯಿತು.

ಇಂದಿನ ಎಂಜಿನ್‌ಗಳು ಬಲಶಾಲಿ, ಲೆಕ್ಕ ಮಾತ್ರ ಹಳೆಯದೇ. 110 ಕಿ.ಮೀ. ವೇಗದಲ್ಲಿ ನೆಲ ಬಿಡುವ ಪುಟ್ಟ ವಿಮಾನಕ್ಕೆ ಹಿಂದಿನಿಂದ 11 ಕಿ.ಮೀ. ಗಾಳಿ ಬೀಸಿದರೆ ಸಾಕು, ಓಟದ ದೂರ ಸುಮಾರು ಶೇ. 21ರಷ್ಟು ಹೆಚ್ಚುತ್ತದೆ. ನೆಲ ಬಿಟ್ಟ ಮೇಲೂ ಅದು ಹೆಚ್ಚು ದೂರ ಸಾಗಿ ಕಡಿಮೆ ಏರುತ್ತದೆ. ರನ್‌ವೇ ಆಚೆಯ ಮರಗಳು ಬೇಗ ಎದುರಾಗುತ್ತವೆ. ಇಳಿಯುವಾಗಲೂ ಅಷ್ಟೇ, ನಿಲ್ಲಲು ಹೆಚ್ಚು ನೆಲ ಬೇಕು.

ಇದಕ್ಕಿಂತ ದೊಡ್ಡ ಅಪಾಯ ಕಣ್ಣಿನ ಮೋಸ. ಕೆಳಗೆ ನೆಲ ಭರ್ರನೆ ಓಡುವುದನ್ನು ಕಂಡ ಪೈಲಟ್‌ಗೆ ‘ವೇಗ ಸಾಕಷ್ಟಿದೆ’ ಎನ್ನಿಸುತ್ತದೆ. ಮಾಪಕ ನೋಡದೆ ಮೂತಿ ಎತ್ತಿದರೆ, ವೇಗ ಕುಗ್ಗಿದರೆ, ರೆಕ್ಕೆ ಎತ್ತುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಅಷ್ಟು ಕೆಳಗೆ ತಪ್ಪು ತಿದ್ದಿಕೊಳ್ಳಲು ಎತ್ತರವಿರುವುದಿಲ್ಲ. ರನ್‌ವೇಯ ಇನ್ನೊಂದು ತುದಿಗೆ ಹೋಗುವ ನಾಲ್ಕು ನಿಮಿಷ ಉಳಿಸಲು ಹೋಗಿ ಇಂಥದ್ದಕ್ಕೆ ಸಿಕ್ಕಿಬೀಳುವುದುಂಟು.

ಗಾಳಿ ಬಂದಾಗ ತೂರಿಕೋ ಎನ್ನುತ್ತಾರೆ ನಮ್ಮವರು. ಕಣದಲ್ಲಿ ಮೊರ ಎತ್ತುವ ರೈತ ಮಾತ್ರ, ಗಾಳಿ ಬಂತೆಂದು ಹಿಗ್ಗುವ ಮೊದಲು, ಅದು ಯಾವ ಕಡೆಯಿಂದ ಬಂತೆಂದು ನೋಡುತ್ತಾನೆ.